ಬರಬೇಕಾದ ಕರೆ ಬರಲಿ

ಪ್ರಿನ್ಸಿಪಾಲರಿಗೆ, ಮೇಷ್ಟ್ರುಗಳಿಗೆ, ಹಿಂದಿನ ಬೆಂಚಿನ ಮಿತ್ರರಿಗೆ ನಮಸ್ಕಾರ. ಕರೆಂಟ್ ಇರುವಾಗಲೇ ಮುಖ್ಯ ಮಾತು ಹೇಳಿಬಿಡುತ್ತೇನೆ. ಫೋನ್ ಜಾಲಕ್ಕೆ ಕಾವಲು ಕಾಯುವ ಸಾಫ್ಟ್‌ವೇರ್ ಮಾಡುವವರಿಗೆ ಎಷ್ಟು ಕೆಟ್ಟ ಕರೆ ತಡೆದೆವು ಅನ್ನುವುದೇ ಹೆಮ್ಮೆ. ನನ್ನ ತಂಡಕ್ಕೆ ನಾನು ದಿನಾ ಕೇಳುವುದು ಬೇರೆ: ಇವತ್ತು ಯಾವ ಒಳ್ಳೆಯ ಕರೆ ನಮ್ಮಿಂದ ನಿಂತುಹೋಯಿತು?

ಮಡಿಕೇರಿ ಕಡೆಯ ಒಂದು ರೆಸಾರ್ಟ್. ಹೆಸರು ಬೇಡ, ಇಲ್ಲಿ ನೆಂಟರಿರಬಹುದು. ಅವರ ಫೋನ್ ಎಕ್ಸ್‌ಚೇಂಜ್ ಇಂಟರ್ನೆಟ್‌ಗೆ ಸೇರಿಸಿದ್ದರು. 100ನೇ ಎಕ್ಸ್‌ಟೆನ್ಷನ್, ಪಾಸ್‌ವರ್ಡೂ 100! ಜೋರು ಮಳೆಗಾಲ, ಗಿರಾಕಿ ಇಲ್ಲ. ಬಿಲ್ ಬಂದಾಗ ನೋಡಿದರೆ ಶನಿವಾರ ನಡುರಾತ್ರಿ ಆಫ್ರಿಕಾ ಕಡೆಗೆ ಸಾಲು ಸಾಲು ಕರೆ. ಮಾಲೀಕರು ಮೊದಲು ಹಿಡಿದದ್ದು ವಾಚ್‌ಮನ್‌ನನ್ನು. "ಸಾರ್, ನಮ್ಮಣ್ಣನಿಗೇ ನಾನು ಮಿಸ್ಡ್ ಕಾಲ್ ಕೊಡೋದು, ಆಫ್ರಿಕಾದಲ್ಲಿ ನಂಗ್ಯಾರಿದ್ದಾರೆ?" ಅಂದನಂತೆ. ನಿಜವಾಗಿ ಒಳಗೆ ಬಂದದ್ದು 5060ನೇ ಪೋರ್ಟ್, ಅಂದರೆ ಇಂಟರ್ನೆಟ್ ಫೋನಿನ ಬಾಗಿಲು, ತಟ್ಟುತ್ತಾ ಅಲೆಯುವ ಒಂದು ಪ್ರೋಗ್ರಾಮ್. ಕರೆ ಹೋದವು ದುಬಾರಿ ನಂಬರುಗಳಿಗೆ. ನಿಮಿಷದ ಲೆಕ್ಕದಲ್ಲಿ ಕಳ್ಳನಿಗೂ ಪಾಲು, ಬಿಲ್ ಮಾತ್ರ ರೆಸಾರ್ಟಿಗೆ. ಮಾಲೀಕರು ರೇಗಿ ವಿದೇಶದ ಕರೆಯನ್ನೇ ಪೂರ್ತಿ ಬಂದ್ ಮಾಡಿಸಿದರು. ಸೀಸನ್ ಬಂತು. ದುಬೈಯಿಂದ ರೂಮ್ ಕೇಳಿದವರಿಗೆ ತಿರುಗಿ ಫೋನ್ ಮಾಡಲು ಆಗಲಿಲ್ಲ. ಕಳ್ಳ ಕೊಟ್ಟ ನಷ್ಟದ ಮೇಲೆ ಬೀಗ ಕೊಟ್ಟ ನಷ್ಟ.

2018ರ ಆಗಸ್ಟ್ ನೆನಪಿದೆ ಅಲ್ವಾ? ನೀವು ಆಗ ಶಾಲೆಯಲ್ಲಿದ್ದಿರಿ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ವಾರ. ಬೆಂಗಳೂರಿಂದ, ಗಲ್ಫಿಂದ, ಸೇನೆಯಲ್ಲಿದ್ದ ಮಕ್ಕಳಿಂದ ಊರಿಗೆ ಒಂದೇ ಸಮನೆ ಫೋನ್. ಗೊತ್ತಿಲ್ಲದ ನಂಬರು, ಮತ್ತೆ ಮತ್ತೆ ಡಯಲ್, "ಹುಷಾರಾಗಿದ್ದೀರಾ?" ಅಂತ ಅರ್ಧ ನಿಮಿಷದ ಮಾತು. ಕರೆಗಳ ಮಳೆ ಸುರಿಸಿ ಲೈನ್ ಕಟ್ಟಿಹಾಕುವ ದಾಳಿಯೂ ಕಂಪ್ಯೂಟರಿಗೆ ಹೀಗೇ ಕಾಣುತ್ತದೆ. ಆ ದಿನ ಯಾವನೋ ಜಾಣ ಸುಮ್ನೆ "ತಡೆ" ಅಂತ ರೂಲ್ ಹಾಕಿದ್ದರೆ?

ಅದಕ್ಕೇ ನಮ್ಮಲ್ಲಿ ಹೊಸ ರೂಲ್ ಮೊದಲು ಬರೀ ನೋಡುತ್ತದೆ, ಯಾವ ಕರೆಯನ್ನೂ ಮುಟ್ಟುವುದಿಲ್ಲ. ತಡೆಯಲು ಬಿಟ್ಟಿದ್ದರೆ ಯಾವ ಯಾವ ಕರೆ ತಡೆಯುತ್ತಿತ್ತು ಅನ್ನುವ ಪಟ್ಟಿ ಕೊಡುತ್ತದೆ. ಇಂಜಿನಿಯರುಗಳು ಕೂತು ಒಂದೊಂದೇ ಸಾಲು ಓದುತ್ತಾರೆ. ಆಮೇಲೆ ಒಪ್ಪಿದ ಕೆಲವೇ ಗ್ರಾಹಕರಿಗೆ, ಆಮೇಲೆ ಎಲ್ಲರಿಗೂ. ಸೇಲ್ಸ್‌ನವರು ಬೈಯುತ್ತಾರೆ. ಬೈಯಲಿ, ಅವರ ಕೆಲಸ ಅದು.

ಇನ್ನೊಂದು ಹಟ ಇದೆ. ಮಾತು ನಮ್ಮ ಕ್ಲೌಡ್, ಅಂದರೆ ದೂರದಲ್ಲಿರುವ ನಮ್ಮ ಸರ್ವರ್, ಮೂಲಕ ಹೋಗಬಾರದು. ಯಾರು ಯಾರಿಗೆ ಮಾಡುತ್ತಿದ್ದಾರೆ ಅನ್ನುವ ಸಿಗ್ನಲ್ ಮಾತ್ರ ನಮಗೆ ಬರಲಿ. ಲಕೋಟೆಯ ವಿಳಾಸ ನೋಡಿದರೆ ಸಾಕು, ಕಾಗದ ಓದಬೇಕಿಲ್ಲ. ಧ್ವನಿ ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಒಳ್ಳೆಯದು ಅನ್ನುತ್ತದೆ ಐಟಿಯು, ಅಂದರೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ. ಸುತ್ತು ಹಾಕಿಸಿದರೆ ಇಬ್ಬರೂ ಒಟ್ಟಿಗೇ "ಹಲೋ ಹಲೋ" ಅನ್ನುತ್ತಾರೆ. ನಮ್ಮ ಸರ್ವರ್ ಉತ್ತರ ಕೊಡದಿದ್ದರೆ? ಕರೆ ಒಳಗೆ ಬಿಡಬೇಕು. ಸೆಕ್ಯುರಿಟಿಯವರು ಇದಕ್ಕೆ ಒಪ್ಪುವುದಿಲ್ಲ. ನನ್ನ ಉತ್ತರ ಮತ್ತೆ ಅದೇ: ನಿಂತುಹೋದ ಒಳ್ಳೆಯ ಕರೆಯನ್ನು ಎಣಿಸಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅಮೆರಿಕದಲ್ಲಿ 2021ರಿಂದ ಕರೆಗೇ ಡಿಜಿಟಲ್ ಸಹಿ, ಅಂದರೆ ನಂಬರ್ ನಕಲಿಯಲ್ಲ ಅನ್ನುವ ಗುರುತು, ಬಂದಿದೆ. ನಮ್ಮಲ್ಲಿ ಬ್ಯಾಂಕುಗಳಿಗೆ 1600ರಿಂದ ಶುರುವಾಗುವ ನಂಬರ್ ಇದೆ. ಸಹಿ ನಂಬರಿಗೆ ಜಾಮೀನು, ಮನುಷ್ಯನಿಗಲ್ಲ. ಅದನ್ನು ಬಿಡಿಸಿ ಹೇಳಲು ಟೈಮಿಲ್ಲ. ಮೋಸದ ಕರೆಯಿಂದ ಯಾರದ್ದಾದರೂ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಪ್ರಶ್ನೆ ಇದ್ದವರು ಕೇಳಿ, ಸಂಬಳದ್ದು ಬಿಟ್ಟು.