ಬೀಳುವಾಗಲೂ ಹೊರಗಿರುವ ಕೈ

ಕೇಳುಗರಿಗೆ ನಮಸ್ಕಾರ.

ರಗ್ಬಿ ಅಂದಕೂಡಲೇ ಹತ್ತು ಜನ ಒಬ್ಬನ ಮೇಲೆ ಬೀಳುವ ಆಟ ಅಂತ ನಗುತ್ತೀರಿ, ಗೊತ್ತು. ಅದನ್ನು ಬದಿಗಿಡಿ. ಇವತ್ತು ನಾನು ಒಂದು ಕೈಯ ಬಗ್ಗೆ ಮಾತಾಡಬೇಕು. ನ್ಯೂಜಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸ್ ಅವರ ಕೈ.

ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿ ತಬ್ಬಿ ಕೆಡವಿದಾಗ ಬೇರೆಯವರು ಚೆಂಡನ್ನು ಎದೆಗವಚಿಕೊಂಡು ಬೀಳುತ್ತಾರೆ. ಸನ್ನಿ ಬಿಲ್ ಹಾಗಲ್ಲ, ಇಬ್ಬರು ಸೊಂಟ ಹಿಡಿದು ಎಳೆಯುತ್ತಿದ್ದರೂ ಒಂದು ಕೈ ಹೊರಗೇ ಇರುತ್ತಿತ್ತು, ಹಿಂದೆ ಓಡಿ ಬರುವವನಿಗೆ ಅದರಿಂದಲೇ ಚೆಂಡು. ಇದಕ್ಕೆ ಆಫ್‌ಲೋಡ್ ಅಂತಾರೆ.

13 ಜನರ ರಗ್ಬಿ ಲೀಗ್‌ನಲ್ಲಿ 2004ರಲ್ಲಿ ಸಿಡ್ನಿಯ ಬುಲ್‌ಡಾಗ್ಸ್ ಜೊತೆ ಪ್ರಶಸ್ತಿ ಗೆದ್ದಾಗ ಅವರಿಗೆ 19 ವರ್ಷ. 2008ರಲ್ಲಿ ಒಪ್ಪಂದ ಮುಗಿಯುವ ಮೊದಲೇ ಫ್ರಾನ್ಸಿನ ತೂಲೋನ್ ಕ್ಲಬ್‌ಗೆ ಹೊರಟುಬಿಟ್ಟರು. ಅಭಿಮಾನಿಗಳು ಸಿಟ್ಟಾದರು, ಆಗದೇ ಇರುತ್ತಾರಾ? ಅಲ್ಲಿಂದ 15 ಜನರ ರಗ್ಬಿ ಯೂನಿಯನ್, 2011ರಲ್ಲಿ ನ್ಯೂಜಿಲೆಂಡ್ ಜೊತೆ ವಿಶ್ವಕಪ್ ಗೆಲುವು, 2013ರಲ್ಲಿ ಮತ್ತೆ ಲೀಗ್, ಸಿಡ್ನಿಯ ರೂಸ್ಟರ್ಸ್ ತಂಡದ ಜೊತೆ ಮತ್ತೆ ಪ್ರಶಸ್ತಿ. ಮಧ್ಯೆ ಹೆವಿವೇಟ್ ಬಾಕ್ಸಿಂಗ್ ಬೇರೆ. ನಾಲ್ಕಾರು ಆಟ ಬಲ್ಲವರು ಅಂತ ಜನ ಹೊಗಳುತ್ತಾರೆ. ನನಗೇನೋ ಹಾಗೆ ಅನಿಸುವುದಿಲ್ಲ. ಲೀಗ್‌ನಲ್ಲಿ ಫಾರ್ವರ್ಡ್, ಯೂನಿಯನ್‌ನಲ್ಲಿ ಸೆಂಟರ್, ಜಾಗ ಬದಲಾಯಿತು, ನಿಯಮ ಬದಲಾಯಿತು, ಆ ಕೈ ಬದಲಾಗಲಿಲ್ಲ. ಅಷ್ಟೇ.

ಈಗ 2015ರ ಅಕ್ಟೋಬರ್ 31ಕ್ಕೆ ಬನ್ನಿ. ಲಂಡನ್‌ನ ಟ್ವಿಕನಮ್, ವಿಶ್ವಕಪ್ ಫೈನಲ್, ಎದುರಿಗೆ ಆಸ್ಟ್ರೇಲಿಯಾ. ಅರ್ಧ ಆಟ ಮುಗಿದ ಮೇಲೆ ಸನ್ನಿ ಬಿಲ್ ಬದಲಿಯಾಗಿ ಇಳಿದರು. ಬಂದು ಎರಡು ಮೂರು ನಿಮಿಷ ಆಗಿಲ್ಲ, ಮೈಮೇಲೆ ಎದುರಾಳಿ, ಇವರ ಕೈ ಹೊರಗೆ ಚಾಚಿತು, ಚೆಂಡು ಜೊತೆ ಆಟಗಾರ ಮಾ ನೋನು ಅವರಿಗೆ ಸಿಕ್ಕಿತು, ನೋನು ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು ಓಡಿ ಟ್ರೈ ಹಾಕಿದರು, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸಿದರು. ಕೊನೆಗೆ 34-17, ನ್ಯೂಜಿಲೆಂಡ್ ಗೆದ್ದಿತು. ಪಂದ್ಯ ಮುಗಿದು ಆಟಗಾರರು ಮೈದಾನ ಸುತ್ತುತ್ತಿದ್ದಾಗ ಒಬ್ಬ ಹುಡುಗ ಬೇಲಿ ದಾಟಿ ಓಡಿಬಂದ. ಕಾವಲುಗಾರ ಅವನನ್ನು ದಬಕ್ಕನೆ ಕೆಡವಿದ, ಆಟಗಾರರಿಗಿಂತ ಚೆನ್ನಾಗೇ ಕೆಡವಿದ! ಸನ್ನಿ ಬಿಲ್ ಹುಡುಗನನ್ನು ಎಬ್ಬಿಸಿ, ಅವನ ಮನೆಯವರ ಹತ್ತಿರ ಕರೆದುಕೊಂಡು ಹೋಗಿ, ತಮ್ಮ ಕೊರಳಿನ ಚಿನ್ನದ ಪದಕ ತೆಗೆದು ಅವನಿಗೆ ಹಾಕಿದರು. ಮರುದಿನ ಆಟವನ್ನು ನಡೆಸುವ ಸಂಸ್ಥೆ ವರ್ಲ್ಡ್ ರಗ್ಬಿಯವರು ಇವರಿಗೆ ಇನ್ನೊಂದು ಪದಕ ಕೊಟ್ಟರು. ರಗ್ಬಿ ನೋಡದವರಿಗೂ ಇವರ ಹೆಸರು ಗೊತ್ತಾಗಿದ್ದು ಹೀಗೆ. ಪದಕದ ಕತೆ ಎಲ್ಲರೂ ಕೇಳುತ್ತಾರೆ, ಆ ಪಾಸ್ ಬಗ್ಗೆ ಯಾರೂ ಕೇಳಲ್ಲ, ನನಗೆ ಅದೇ ಬೇಜಾರು.

ಸಮಯ ಓಡುತ್ತಿದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 7 ಜನರ ಆಟಕ್ಕೂ ಹೋದರು, ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. 2017ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಆಟಗಾರರ ಲಯನ್ಸ್ ತಂಡದ ಮೇಲೆ ಆಡುವಾಗ ಕೈ ಬಳಸದೆ ಭುಜದಿಂದ ಗುದ್ದಿದರು, ಎದುರಾಳಿಯ ತಲೆಗೆ ತಗುಲಿತು, ರೆಡ್ ಕಾರ್ಡ್, ಮೈದಾನದಿಂದ ಹೊರಗೆ. ತಂಡ 24-21ರಿಂದ ಸೋತಿತು. ನೋಡಿ, ಕೈ ಮರೆತ ದಿನ ಏನಾಯಿತು ಅಂತ!

ಅವರ ಹಳೆಯ ಪಂದ್ಯ ಸಿಕ್ಕರೆ ಒಮ್ಮೆ ನೋಡಿ. ಚೆಂಡಿನ ಹಿಂದೆ ಹೋಗಬೇಡಿ, ಅವರು ಬೀಳುವಾಗ ಮೊಣಕೈ ಎಲ್ಲಿದೆ ಅಂತ ಮಾತ್ರ ನೋಡಿ. ನಮಸ್ಕಾರ.