ಮೊದಲಿಬ್ಬರು ಡಾಕ್ಟರುಗಳನ್ನು ಮೊದಲು ಕೇಳಿ

ಶ್ರೋತೃಗಳಿಗೆ ನಮಸ್ಕಾರ.

ಬ್ರಿಟನ್ನಿನ ಬಿಬಿಸಿ 1963ರ ನವೆಂಬರ್ 23ರ ಶನಿವಾರ ಸಂಜೆ ಮೊದಲ ಬಾರಿಗೆ ಬಿತ್ತರಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಬಗ್ಗೆ, ಅದರ ಮುಖ್ಯ ಪಾತ್ರವನ್ನು ವಹಿಸಿದ ನಟರ ಬಗ್ಗೆ, ಆ ನಟರಲ್ಲಿ ಯಾರು ಹೆಚ್ಚು ಯಾರು ಕಡಿಮೆ ಎಂದು ದಶಕಗಳಿಂದ ವಾದಿಸುತ್ತ ಬಂದಿರುವ ಅಭಿಮಾನಿಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ನಾನು ವೃತ್ತಿಯಿಂದ ಧ್ವನಿಮುದ್ರಣದವನು. ಮೂವತ್ತು ವರ್ಷಗಳನ್ನು ಟೇಪು, ಬ್ಲೇಡು, ಮೈಕುಗಳ ನಡುವೆ ಕಳೆದವನು. ಹಾಗಾಗಿ ನಾನು ಹೇಳುವುದು ಒಂದೇ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಈ ಧಾರಾವಾಹಿಯ ನಟರ ಬಗ್ಗೆ ತೀರ್ಪು ಕೊಡುವ ಮುನ್ನ ಮೊದಲಿಬ್ಬರನ್ನು ಕೇಳಿ. ಕೇಳಿ ಎಂದರೆ ಕಿವಿಯಿಂದಲೇ ಕೇಳಿ.

ಧಾರಾವಾಹಿಯನ್ನು ಕಂಡಿರದವರಿಗಾಗಿ ಎರಡು ಮಾತು. ಡಾಕ್ಟರ್ ಎಂಬಾತ ಬೇರೊಂದು ಗ್ರಹದವನು. ಅವನ ವಾಹನ ಹೊರಗಿನಿಂದ ನೋಡಿದರೆ ಲಂಡನ್ನಿನ ಬೀದಿಬದಿಯಲ್ಲಿ ಆಗ ಇರುತ್ತಿದ್ದ ನೀಲಿ ಬಣ್ಣದ ಪೊಲೀಸ್ ಟೆಲಿಫೋನ್ ಪೆಟ್ಟಿಗೆ; ಒಳಗೆ ಕಾಲಿಟ್ಟರೆ ಅರಮನೆಯಷ್ಟು ವಿಶಾಲ. ಅದರಲ್ಲಿ ಕುಳಿತು ಆತ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ, ಯಾವ ಲೋಕಕ್ಕೆ ಬೇಕಾದರೂ ಹೋಗಬಲ್ಲ. ಸಾವು ಹತ್ತಿರ ಬಂದಾಗ ಅವನ ದೇಹ ಬದಲಾಗುತ್ತದೆ: ಮುಖ ಬೇರೆ, ವಯಸ್ಸು ಬೇರೆ, ಸ್ವಭಾವವೂ ಅಷ್ಟಿಷ್ಟು ಬೇರೆ, ನೆನಪು ಮಾತ್ರ ಅದೇ. ಈ ಒಂದು ಉಪಾಯದಿಂದ ನಟರು ಬದಲಾದರೂ ಪಾತ್ರ ಮುಂದುವರಿದಿದೆ. ವಿಲಿಯಂ ಹಾರ್ಟ್‌ನೆಲ್, ಪ್ಯಾಟ್ರಿಕ್ ಟ್ರೌಟನ್, ಜಾನ್ ಪರ್ಟ್ವೀ, ಏಳು ವರ್ಷ ಆ ಪಾತ್ರದಲ್ಲಿದ್ದ ಟಾಮ್ ಬೇಕರ್, ಹೀಗೆ ಸಾಗಿ 1989ರಲ್ಲಿ ನಿಂತುಹೋದ ಧಾರಾವಾಹಿ 2005ರಲ್ಲಿ ಮತ್ತೆ ಆರಂಭವಾಯಿತು. ಡೇವಿಡ್ ಟೆನೆಂಟ್, ಮ್ಯಾಟ್ ಸ್ಮಿತ್, ಪೀಟರ್ ಕಪಾಲ್ಡಿ, ಜೋಡಿ ವಿಟಕರ್, ಶೂಟಿ ಗಟ್ವಾ ಅವರವರೆಗೆ ಬಂದಿತು. ಒಂದೇ ಪಾತ್ರ, ಹಲವು ನಟರು. ಕೀಚಕನ ವೇಷ ಯಾರದು ಚೆಂದ ಎಂದು ಯಕ್ಷಗಾನದ ಚೌಕಿಯ ಹೊರಗೆ ಬೆಳಕು ಹರಿಯುವವರೆಗೆ ವಾದಿಸುವವರನ್ನು ಕಂಡ ನಮ್ಮವರಿಗೆ ಈ ಅಭಿಮಾನಿಗಳ ಚರ್ಚೆಯ ಬಿಸಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ನನ್ನ ತಕರಾರು ಇಲ್ಲಿದೆ. ಇಂದಿನ ಚರ್ಚೆಗಳಲ್ಲಿ ಮೊದಲಿಬ್ಬರ ಹೆಸರು ಬರುವುದು ಅಪರೂಪ. ಬಂದರೂ ಹಳೆಯ ಕಾಲದವರೆಂಬ ಗೌರವದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಇದಕ್ಕೆ ಕಾರಣ ಅವರ ನಟನೆಯಲ್ಲಿಲ್ಲ, ಅವರ ಚಿತ್ರಗಳು ಕಳೆದುಹೋದದ್ದರಲ್ಲಿದೆ. ಹಾರ್ಟ್‌ನೆಲ್ 134 ಕಂತುಗಳಲ್ಲಿ, ಟ್ರೌಟನ್ 119 ಕಂತುಗಳಲ್ಲಿ ಮುಖ್ಯ ಪಾತ್ರ ವಹಿಸಿದರು. ಒಟ್ಟು 253. ಇವುಗಳಲ್ಲಿ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದು ಇಲ್ಲ. ಬಿಬಿಸಿಯವರೇ ಅಳಿಸಿದರು. ಎರಡು ಅಂಗುಲ ಅಗಲದ ವಿಡಿಯೊ ಟೇಪು ಆಗ ದುಬಾರಿ ಸಾಮಗ್ರಿ. ಕಾರ್ಯಕ್ರಮ ಬಿತ್ತರವಾದ ಮೇಲೆ ಅದನ್ನು ಒರೆಸಿ ಬೇರೊಂದನ್ನು ಮುದ್ರಿಸಿಕೊಳ್ಳುತ್ತಿದ್ದರು. ಹೊರದೇಶಗಳಿಗೆ ಮಾರಲು ತೆಗೆದಿಟ್ಟ ಫಿಲ್ಮ್ ಪ್ರತಿಗಳನ್ನೂ ಮಾರಾಟದ ಅವಧಿ ಮುಗಿದ ಮೇಲೆ 1970ರ ದಶಕದಲ್ಲಿ ಕಸಕ್ಕೆ ಹಾಕಿದರು. ಮನೆಯಲ್ಲಿ ವಿಡಿಯೊ ನೋಡುವ ಕಾಲ ಬರುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಆ ಅಳಿಸುವ ಕೈಗಳ ಮೇಲೆ ನಾನು ಕೋಪ ಮಾಡಿಕೊಳ್ಳಲಾರೆ, ಏಕೆಂದರೆ ಅಂಥ ಕೆಲಸ ನನ್ನ ಕೈಯಿಂದಲೂ ಆಗಿದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಡೆ ಸ್ಪೂಲುಗಳ ಅಭಾವವಿತ್ತು. ಹಿರಿಯ ತತ್ವಪದ ಗಾಯಕರೊಬ್ಬರು ಹಾಡಿದ್ದ ಸ್ಪೂಲನ್ನು ಇರೇಸರ್ ಯಂತ್ರದ ಮೇಲಿಟ್ಟು ತಿರುಗಿಸಲು ನನಗೆ ಹೇಳಿದರು, ತಿರುಗಿಸಿದೆ. ಅರ್ಧ ನಿಮಿಷದ ಕೆಲಸ. ಆ ಗಾಯಕರು ಮರುವರ್ಷ ತೀರಿಕೊಂಡರು. ಅವರ ಧ್ವನಿ ಇನ್ನೆಲ್ಲೂ ಇಲ್ಲ.

ಡಾಕ್ಟರನ ಧ್ವನಿ ಉಳಿಯಿತು. ಉಳಿಸಿದವರು ಅಭಿಮಾನಿಗಳು. 1960ರ ದಶಕದ ಬ್ರಿಟನ್ನಿನಲ್ಲಿ ಕೆಲವು ಮನೆಗಳ ಹುಡುಗರು ಶನಿವಾರ ಸಂಜೆ ಟಿವಿ ಪೆಟ್ಟಿಗೆಯ ಮುಂದೆ ಸ್ಪೂಲ್ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಮೈಕನ್ನು ಸ್ಪೀಕರಿಗೆ ಹಿಡಿದು, ಇಡೀ ಕಂತನ್ನು ಮುದ್ರಿಸಿಕೊಂಡರು. ಮೈಕು ಹಿಡಿದರೆ ಕೋಣೆಯ ಸದ್ದೂ ಸೇರುತ್ತದೆ. ಆದ್ದರಿಂದ ಹದಿಹರೆಯದ ಹುಡುಗನೊಬ್ಬ ಟಿವಿಯ ಸ್ಪೀಕರಿನಿಂದಲೇ ನೇರವಾಗಿ ವೈರು ಎಳೆದು ರೆಕಾರ್ಡರಿಗೆ ಜೋಡಿಸಿದ. ಆ ಕಾಲದ ಎಷ್ಟೋ ಟಿವಿ ಸೆಟ್ಟುಗಳಲ್ಲಿ ಒಳಗಿನ ಲೋಹದ ತಟ್ಟೆಗೇ ವಿದ್ಯುತ್ತು ಹರಿಯುತ್ತಿತ್ತು, ಅನುಭವಿ ಮೆಕ್ಯಾನಿಕ್ ಕೂಡ ಜೋಪಾನವಾಗಿ ಕೈಹಾಕುತ್ತಿದ್ದ. ಮತ್ತೆ ಕೇಳಬೇಕೆಂಬ ಆಸೆಯೊಂದೇ ಆ ಹುಡುಗನಿಗಿದ್ದದ್ದು. ಇಂಥ ಕೆಲವೇ ಜನರ ಶ್ರಮ ಒಟ್ಟುಗೂಡಿದ್ದರಿಂದ ಇಂದು ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ನಮಗಿದೆ. ಒಂದೂ ತಪ್ಪಿಲ್ಲ. ಬಿಬಿಸಿಯವರು ನಂತರ ಅದೇ ಧ್ವನಿಗಳನ್ನು ಶುಚಿಗೊಳಿಸಿ ನಿರೂಪಣೆ ಸೇರಿಸಿ ಸಿಡಿಗಳಾಗಿ ಹೊರತಂದರು, ಕೆಲವಕ್ಕೆ ಅನಿಮೇಷನ್ ಚಿತ್ರವನ್ನೂ ಜೋಡಿಸಿದರು. ಹೀಗಿರುವಾಗ ಚಿತ್ರ ಸಿಗುವುದಿಲ್ಲವಾದ್ದರಿಂದ ಆ ನಟರು ನಮಗೆ ಗೊತ್ತಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಕೇಳಿ.

ಇಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೋದ ವರ್ಷ ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಒಂದು ಶನಿವಾರ ಮೊಮ್ಮಗಳ ಗೆಳೆಯ ಗೆಳತಿಯರು ಐದಾರು ಮಂದಿ ಮನೆಯಲ್ಲಿ ಸೇರಿದ್ದರು. ಮಗಳು ಮಾಡಿದ್ದ ಮಂಡಕ್ಕಿ ಒಗ್ಗರಣೆಯ ಪಾತ್ರೆಯ ಸುತ್ತ ಕುಳಿತು ಅವರು ಇದೇ ವಾದಕ್ಕೆ ಇಳಿದರು. ಒಬ್ಬನಿಗೆ ಟೆನೆಂಟ್ ಬಿಟ್ಟರೆ ಡಾಕ್ಟರೇ ಇಲ್ಲ. ಒಬ್ಬಳು ವಿಟಕರ್ ಪರ, ಮೊಟ್ಟಮೊದಲ ಬಾರಿಗೆ ಹೆಣ್ಣಾಗಿ ಬಂದ ಡಾಕ್ಟರ್ ಎಂಬ ಅಭಿಮಾನ ಅವಳದು. ಮೂಲೆಯ ಹುಡುಗನೊಬ್ಬ ಮ್ಯಾಟ್ ಸ್ಮಿತ್ ಅವರಂತೆ ಏಕಕಾಲಕ್ಕೆ ಮಗುವೂ ಮುದುಕನೂ ಆಗಬಲ್ಲ ಇನ್ನೊಬ್ಬ ನಟ ಈ ಪಾತ್ರಕ್ಕೆ ಬಂದೇ ಇಲ್ಲವೆಂದು ಹಟ ಹಿಡಿದಿದ್ದ. ಬಹಳ ಹೊತ್ತು ಕೇಳಿಸಿಕೊಂಡೆ. ಟ್ರೌಟನ್ ಅವರ ಬಗ್ಗೆ ಏನು ಹೇಳುತ್ತೀರಿ ಎಂದು ಕೊನೆಗೆ ಕೇಳಿದೆ. ಮೊಮ್ಮಗಳು, “ಅಜ್ಜಾ, ಅದೆಲ್ಲ ಕಪ್ಪು ಬಿಳುಪು, ಅರ್ಧ ಕಂತು ಸಿಗೋದೇ ಇಲ್ಲ” ಎಂದಳು.

ನಾನು ಎದ್ದು ದೀಪ ಆರಿಸಿದೆ. ‘ದ ಪವರ್ ಆಫ್ ದ ಡಾಲೆಕ್ಸ್’ ಎಂಬ ಕಥೆಯ ಮೊದಲ ಕಂತಿನ ಧ್ವನಿಯನ್ನು ಹಾಕಿದೆ. 1966ರ ನವೆಂಬರ್ 5ರಂದು ಬಿತ್ತರವಾದ ಕಂತು ಅದು. ಆ ಕಥೆಯ ಆರೂ ಕಂತುಗಳ ಚಿತ್ರ ಕಳೆದುಹೋಗಿದೆ. ಹಿಂದಿನ ವಾರ ಹಾರ್ಟ್‌ನೆಲ್ ಅವರ ಡಾಕ್ಟರ್ ನೆಲಕ್ಕೆ ಕುಸಿದು, ಮುಖ ಬೆಳಕಿನಲ್ಲಿ ಕರಗಿ, ಇನ್ನೊಂದು ಮುಖವಾಗಿತ್ತು. ಹೀಗೆ ಆಗಬಹುದೆಂದು ಆಗಿನ ಪ್ರೇಕ್ಷಕರಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಅದು ಮೊದಲನೆಯ ಸಲ.

ಕತ್ತಲೆಯಲ್ಲಿ ಮೊದಲು ಕೇಳಿಸಿದ್ದು ಶೀರ್ಷಿಕೆಯ ಸಂಗೀತ. ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನ್ನ ವೃತ್ತಿ ಬಿಡುವುದಿಲ್ಲ. ರಾನ್ ಗ್ರೇನರ್ ಬರೆದುಕೊಟ್ಟ ರಾಗವನ್ನು ಡೀಲಿಯಾ ಡರ್ಬಿಶೈರ್ ಎಂಬಾಕೆ 1963ರಲ್ಲಿ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿ ಒಂದೊಂದೇ ಸ್ವರವಾಗಿ ಟೇಪಿನ ಮೇಲೆ ತಯಾರಿಸಿದರು. ಕೀಬೋರ್ಡ್ ಇಟ್ಟುಕೊಂಡು ನುಡಿಸುವ ಸಿಂಥಸೈಸರ್ ಅವರಲ್ಲಿರಲಿಲ್ಲ. ಮೀಟಿದ ತಂತಿಯ ಒಂದು ನಾದವನ್ನು ಮುದ್ರಿಸಿ, ವೇಗ ಬದಲಿಸಿ ಬೇಕಾದ ಶ್ರುತಿಗೆ ತಂದು, ಎಷ್ಟು ಹೊತ್ತಿನ ಸ್ವರವೋ ಅಷ್ಟು ಅಂಗುಲ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸುತ್ತ ಹೋದರು. ನಾನೂ ಟೇಪು ಕತ್ತರಿಸಿ ಅಂಟಿಸಿದವನು, ಒಂದು ಭಾಷಣದಲ್ಲಿ ಹತ್ತು ಕಡೆ ಅಂಟಿಸಿದರೆ ಕಣ್ಣು ಸೋಲುತ್ತದೆ. ಆಕೆಯ ಹೆಸರು ಧಾರಾವಾಹಿಯ ಪರದೆಯ ಮೇಲೆ ಕಾಣಿಸಿದ್ದು 2013ರಲ್ಲಿ, ಆಕೆ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ.

ಸಂಗೀತ ನಿಂತಿತು. ವಾಹನದ ಒಳಗಿನ ಗುಂಯ್‌ಗುಡುವ ಸದ್ದು. ಬೆನ್ ಎಂಬ ನಾವಿಕ, ಪಾಲಿ ಎಂಬ ತರುಣಿ, ನೆಲದ ಮೇಲೆ ಬಿದ್ದಿರುವ ಅಪರಿಚಿತನ ಬಗ್ಗೆ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ಇವನೇ ಡಾಕ್ಟರ್ ಇರಬೇಕೆಂದು ಪಾಲಿ, ಇವನು ಯಾರೋ ಮೋಸಗಾರನೆಂದು ಬೆನ್. ಅಷ್ಟರಲ್ಲಿ ಆ ಹೊಸ ಧ್ವನಿ. ಹಾರ್ಟ್‌ನೆಲ್ ಅವರದು ಮೇಷ್ಟ್ರೊಬ್ಬರ ಗಡುಸು ದನಿ, ಮಾತಿನ ಕೊನೆಗೊಂದು ಹೂಂಕಾರ. ಇವರದು ಹಾಗಲ್ಲ. ಮೆತ್ತಗೆ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ ತೊಡಗಿ, ಇದ್ದಕ್ಕಿದ್ದಂತೆ ನಗುವಿಗೆ ಏರಿ, ಮತ್ತೆ ಇಳಿಯುತ್ತದೆ. ಡಾಕ್ಟರನ ಬಗ್ಗೆ ಆತ ಬೇರೆ ಯಾರೋ ಎಂಬಂತೆ ಮಾತನಾಡುತ್ತದೆ. ಬೆನ್ ಖಾರವಾಗಿ ಪ್ರಶ್ನೆ ಹಾಕಿದರೆ ಉತ್ತರದ ಬದಲು ಕೊಳಲು ಕೇಳಿಸುತ್ತದೆ. ಅದು ರೆಕಾರ್ಡರ್ ಎಂಬ, ಬಾಯಿಗೆ ನೇರ ಹಿಡಿದು ಊದುವ, ಇಂಗ್ಲೆಂಡಿನ ಶಾಲಾಮಕ್ಕಳು ಕಲಿಯುವ ಕೊಳಲು. ಪ್ರಶ್ನೆ ಕೇಳಿದಷ್ಟೂ ಕೊಳಲು. ಈ ಮನುಷ್ಯ ಡಾಕ್ಟರ್ ಹೌದೋ ಅಲ್ಲವೋ ಎಂಬ ಸಂಶಯವನ್ನು ಟ್ರೌಟನ್ ಬೇಗ ಬಗೆಹರಿಸಿಕೊಡುವುದೇ ಇಲ್ಲ. ಎರಡನೆಯ ಕಂತಿನಲ್ಲಿ ಅವನನ್ನು ಖಚಿತವಾಗಿ ಗುರುತಿಸುವುದು ಗೆಳೆಯರಲ್ಲ, ಅವನ ಕಡುವೈರಿಯಾದ ಡಾಲೆಕ್ ಯಂತ್ರಜೀವಿ. ಪರಿಚಿತರು ಹಿಂಜರಿಯುವಾಗ ಶತ್ರು ಗುರುತು ಹಿಡಿಯುತ್ತಾನೆ. ಎಂಥ ಬರವಣಿಗೆ!

ಕಂತು ಮುಗಿದಾಗ ದೀಪ ಹಾಕಿದೆ. ಮಂಡಕ್ಕಿ ಮೆತ್ತಗಾಗಿತ್ತು, ಯಾರೂ ಮುಟ್ಟಿರಲಿಲ್ಲ. ಮೂಲೆಯ ಹುಡುಗ, “ಇದು ಮ್ಯಾಟ್ ಸ್ಮಿತ್ ಅಲ್ಲವೇ” ಎಂದ. ನಾನು ಅದನ್ನೇ ಕಾಯುತ್ತಿದ್ದೆ. ಸ್ಮಿತ್ ಪಾತ್ರಕ್ಕೆ ಸಿದ್ಧವಾಗುವಾಗ ಟ್ರೌಟನ್ ಅವರ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಕಥೆಯನ್ನು ನೋಡಿ ಮನಸೋತವರು, ಅದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಕಥೆಯೂ ಕಳೆದುಹೋಗಿ, 1990ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿ ಸಿಕ್ಕಿದ್ದು. ಆ ಡಬ್ಬಿಗಳು ಸಿಗದೇ ಹೋಗಿದ್ದರೆ ಸ್ಮಿತ್ ಅವರಿಗೆ ಅದು ಕಾಣುತ್ತಿರಲಿಲ್ಲ. ನಿಮ್ಮ ಮೆಚ್ಚಿನ ನಟನಲ್ಲಿ ನೀವು ಮೆಚ್ಚಿದ ಗುಣ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಮೊದಲಿಬ್ಬರನ್ನು ಕೇಳಬೇಕು ಎಂದು ಮತ್ತೆ ಹೇಳುತ್ತಿದ್ದೇನೆ.

ನನಗಿರುವ ಸಮಯದ ಹೆಚ್ಚಿನ ಭಾಗವನ್ನು ಈ ಪ್ರಸಂಗವೇ ತೆಗೆದುಕೊಂಡಿತು. ಹಾರ್ಟ್‌ನೆಲ್ ಅವರ ಬಗ್ಗೆ ಇನ್ನೂ ಹೇಳಬೇಕಾಗಿತ್ತು. ಸಿನಿಮಾಗಳಲ್ಲಿ ಗದರುವ ಸಾರ್ಜೆಂಟ್ ಪಾತ್ರಗಳಿಗೆ ಹೆಸರಾಗಿದ್ದ ಅವರನ್ನು 55ನೆಯ ವಯಸ್ಸಿನಲ್ಲಿ ಈ ಪಾತ್ರಕ್ಕೆ ಒಪ್ಪಿಸಿದವರು 27 ವರ್ಷದ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಮತ್ತು ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್. ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು, ಆಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಹಾರ್ಟ್‌ನೆಲ್ ಮಾತು ತಡವರಿಸುತ್ತಾರೆಂದು ಆಡಿಕೊಳ್ಳುವವರಿದ್ದಾರೆ. ವಾರಕ್ಕೊಂದು ಕಂತು, ವರ್ಷಕ್ಕೆ 40ಕ್ಕೂ ಹೆಚ್ಚು. ಟೇಪು ಕತ್ತರಿಸುವುದು ದುಬಾರಿಯಾದ್ದರಿಂದ ಮರುಚಿತ್ರೀಕರಣ ತೀರಾ ಕಡಿಮೆ. ತಡವರಿಸಿದರೂ ಪಾತ್ರ ಬಿಡದೆ ಆ ಮಾತನ್ನು ಹೇಗೆ ದಡ ಸೇರಿಸುತ್ತಾರೆ ಎಂಬುದನ್ನು ಗಮನಿಸಿ. ಕೊನೆಕೊನೆಗೆ ರಕ್ತನಾಳಗಳು ಗಟ್ಟಿಯಾಗುವ ಕಾಯಿಲೆ ಅವರ ನೆನಪನ್ನು ಬಾಧಿಸುತ್ತಿತ್ತು, ಅದಕ್ಕಾಗಿಯೇ ಅವರು ಬಿಡಬೇಕಾಯಿತು. ಅವರ ಕೊನೆಯ ಕಂತಿನ ಚಿತ್ರವೂ ಕಳೆದಿದೆ. ಮುಖ ಬದಲಾಗುವ ಕೆಲವೇ ಕ್ಷಣಗಳು ಉಳಿದಿರುವುದು ಬೇರೊಂದು ಮಕ್ಕಳ ಕಾರ್ಯಕ್ರಮದಲ್ಲಿ ಆ ತುಣುಕನ್ನು ಬಳಸಿಕೊಂಡಿದ್ದರಿಂದ.

ಪೀಟರ್ ಕಪಾಲ್ಡಿ ಶಾಲಾ ಹುಡುಗನಾಗಿ ಈ ಧಾರಾವಾಹಿಯ ಬಗ್ಗೆ ಪತ್ರಿಕೆಗೆ ಬರೆದ ಪತ್ರ 1974ರಲ್ಲಿ ಅಚ್ಚಾಯಿತು, ಮುಂದೆ ಅವರೇ ಡಾಕ್ಟರ್ ಆದರು. ದೇಶ ವಿಭಜನೆಯ ಪಂಜಾಬಿನಲ್ಲಿ ನಡೆಯುವ 2018ರ ಕಂತೊಂದಿದೆ, ವಿನಯ್ ಪಟೇಲ್ ಬರೆದದ್ದು. ಅವೆರಡಕ್ಕೂ ಪ್ರತ್ಯೇಕ ಭಾಷಣವೇ ಬೇಕು.

ಟ್ರೌಟನ್ ಪಾತ್ರದಲ್ಲಿದ್ದಾಗ ಸಂದರ್ಶನಗಳಿಂದ ದೂರವೇ ಉಳಿದರು. ಒಂದೇ ಪಾತ್ರಕ್ಕೆ ಅಂಟಿಹೋಗುವ ಭಯದಿಂದ ಮೂರು ವರ್ಷಕ್ಕೆ ಬಿಟ್ಟರು, ಐದನೆಯ ಡಾಕ್ಟರ್ ಆದ ಪೀಟರ್ ಡೇವಿಸನ್ ಅವರಿಗೂ ಮೂರೇ ವರ್ಷ ಸಾಕೆಂದು ಸಲಹೆ ಕೊಟ್ಟರು. ಇಳಿವಯಸ್ಸಿನಲ್ಲಿ ಮಾತ್ರ ಅಭಿಮಾನಿಗಳ ಸಮ್ಮೇಳನಗಳಿಗೆ ಸಂತೋಷದಿಂದ ಹೋಗತೊಡಗಿದರು. 1987ರ ಮಾರ್ಚ್ 28ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ ಅಂಥದ್ದೇ ಸಮ್ಮೇಳನಕ್ಕೆ ಬಂದಿದ್ದಾಗ, ಬೆಳಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 67 ವರ್ಷ.

ಈ ರಾತ್ರಿ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ನಾನು ಹೇಳಿದ ಆ ಮೊದಲ ಕಂತಿನ ಸಿಡಿಯಲ್ಲಿ, ಪಾಲಿಯ ಪಾತ್ರ ವಹಿಸಿದ್ದ ಆನೆಕ್ ವಿಲ್ಸ್ ಅವರೇ ನಡುನಡುವೆ ನಿರೂಪಣೆ ಮಾಡಿದ್ದಾರೆ, ಆದ್ದರಿಂದ ಕಥೆ ಹಿಡಿಯುವುದು ಕಷ್ಟವಾಗುವುದಿಲ್ಲ. ಫೋನಿನ ಪರದೆಯನ್ನು ಬೋರಲು ಹಾಕಿ, ದೀಪ ಆರಿಸಿ, ಕೊಳಲು ಬರುವವರೆಗೆ ಕಾಯಿರಿ.

ನಮಸ್ಕಾರ.