ತನ್ನ ಪರಾಗವನ್ನು ತಾನೇ ಒಲ್ಲದ ಹೂವು

ಕೇಳುಗರೇ, ನಮಸ್ಕಾರ.

ಬಹಳಷ್ಟು ಹೂವುಗಳಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಟ್ಟಿಗೇ ಇರುತ್ತವೆ. ಪರಾಗ ಉದುರಿದರೆ ಪಕ್ಕದಲ್ಲೇ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿಯುವ ಹೆಣ್ಣು ಭಾಗದ ತುದಿ. ಹಾಗಿದ್ದರೂ ಎಷ್ಟೋ ಗಿಡಗಳು ಸ್ವಂತ ಪರಾಗದಿಂದ ಬೀಜ ಕಟ್ಟುವುದಿಲ್ಲ. ಪರಾಗಕ್ಕೂ ಹೂವಿಗೂ ‘ಎಸ್’ ಎಂಬ ಜೀನುಗಳು ಕೊಟ್ಟ ಗುರುತು ಇರುತ್ತದೆ. ಎರಡೂ ಗುರುತು ಒಂದೇ ಆದರೆ ಹೂವು ಆ ಪರಾಗವನ್ನು ತಡೆಯುತ್ತದೆ. ಒಳಸಂಬಂಧದಿಂದ ಸಂತತಿ ಸೊರಗದಿರಲು ಇದೊಂದು ಕಾವಲು.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ಮೊಗ್ಗಿಗೆ ತೆಳು ಚೀಲ ಕಟ್ಟಿ ಕೀಟಗಳನ್ನು ದೂರ ಇಡಬೇಕು. ಅರಳಿದ ಮೇಲೆ ಕೆಲವು ಹೂಗಳಿಗೆ ಅದೇ ಗಿಡದ ಪರಾಗ, ಕೆಲವಕ್ಕೆ ಬೇರೆ ಗಿಡದ್ದು, ಇನ್ನು ಕೆಲವಕ್ಕೆ ಹತ್ತಿರದ ಇನ್ನೊಂದು ಜಾತಿಯದ್ದು ಸವರಬೇಕು. ಆಮೇಲೆ ಬೀಜ ಎಣಿಸುವುದು. ಪರಾಗ ಎಲ್ಲಿ ನಿಂತಿತು ಎಂದು ನೋಡಬೇಕಾದರೆ ಅನಿಲೀನ್ ಬ್ಲೂ ಬಣ್ಣ ಹಾಕಿ, ಬಣ್ಣ ಹೊಳೆಯುವಂತೆ ಮಾಡುವ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಇಟ್ಟರಾಯಿತು. ಪರಾಗದಿಂದ ಹೂವಿನೊಳಗೆ ಇಳಿಯುವ ಪರಾಗನಾಳಗಳು ಹೊಳೆಯುವ ಎಳೆಗಳಾಗಿ ಕಾಣುತ್ತವೆ.

ಈ ವಿಷಯಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಸೆನೆಸಿಯೊ, ಸೂರ್ಯಕಾಂತಿ ಕುಟುಂಬದ ಕಾಡು ಗಿಡಗಳು. ಇಟಲಿಯ ಸಿಸಿಲಿ ದ್ವೀಪದ ಎಟ್ನಾ ಪರ್ವತದ ಮೇಲ್ಭಾಗದಲ್ಲಿ ಒಂದು ಜಾತಿ, ಕೆಳಗೆ ಇನ್ನೊಂದು. ನಡುವೆ ಎರಡೂ ಬೆರೆಯುತ್ತವೆ. ಆ ಮಿಶ್ರತಳಿ 1700ರ ಆಸುಪಾಸಿನಲ್ಲಿ ಬ್ರಿಟನ್ನಿಗೆ ಬಂತು. ಆಕ್ಸ್‌ಫರ್ಡ್‌ನ ಸಸ್ಯೋದ್ಯಾನದಿಂದ ತಪ್ಪಿಸಿಕೊಂಡು ಗೋಡೆ ಹತ್ತಿತು, ರೈಲು ಹಳಿಗಳ ಜಲ್ಲಿಕಲ್ಲಿನುದ್ದಕ್ಕೂ ದೇಶ ಸುತ್ತಿತು. ಇದೇ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್.

ಇದು ತನ್ನ ಪರಾಗವನ್ನು ಒಲ್ಲದ ಗಿಡ. ಬಂದದ್ದು ಕೆಲವೇ ಗಿಡಗಳ ಸಂತತಿಯಾದ್ದರಿಂದ ಎಸ್ ಗುರುತುಗಳ ಬಗೆಗಳೂ ಕಡಿಮೆ. ಗುರುತು ಕಡಿಮೆಯಾದಷ್ಟೂ ಜೊತೆ ಸಿಗುವುದು ಕಷ್ಟ, ಅಲ್ವಾ? ಆದರೂ ಅದು ಹರಡಿತು. ನನಗೆ ಇದು ಇಂದಿಗೂ ಬೆರಗು.

ಅಲ್ಲಿ ಅದಕ್ಕೆ ಒಬ್ಬ ನೆಂಟ ಸಿಕ್ಕಿತು, ಗ್ರೌಂಡ್‌ಸೆಲ್ ಎಂಬ ಕಳೆ. ಇದು ಸುಮ್ನೆ ತನ್ನ ಪರಾಗದಿಂದಲೇ ಬೀಜ ಕಟ್ಟುತ್ತದೆ. ರ‍್ಯಾಗ್‌ವರ್ಟ್‌ನ ಜೀವಕೋಶದಲ್ಲಿ ಜೀನುಗಳನ್ನು ಹೊತ್ತ ವರ್ಣತಂತುಗಳು 20, ಇದರಲ್ಲಿ 40. ಎರಡೂ ಕೂಡಿದರೆ ಒಂದೊಂದರಿಂದ ಅರ್ಧರ್ಧ ಬಂದು ಮರಿಗೆ 30. ಅವು ಸರಿಯಾಗಿ ಜೋಡಿಯಾಗದೆ ಆ ಗಿಡ ಹೆಚ್ಚುಕಡಿಮೆ ಬಂಜೆಯಾಗುತ್ತದೆ. ಆದರೆ ವೇಲ್ಸ್‌ನಲ್ಲಿ ವರ್ಣತಂತುಗಳು ಇಮ್ಮಡಿಯಾಗಿ 60 ಆದವು. 1948ರಲ್ಲಿ ಕಂಡ ಆ ಗಿಡ ಹೊಸ ಜಾತಿಯೇ ಆಗಿತ್ತು. 1979ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಇದೇ ಜೋಡಿಯಿಂದ ಹುಟ್ಟಿದ ಇನ್ನೊಂದು ಹೊಸ ಜಾತಿ ಕಾಣಿಸಿತು, ಅದಕ್ಕೆ 40 ವರ್ಣತಂತು. ಕೆಲವು ದಶಕಗಳೊಳಗೆ ಅದು ಅಳಿದೇಹೋಯಿತು. ಉಳಿಸಿಟ್ಟ ಬೀಜದಿಂದ 2023ರಲ್ಲಿ ಮತ್ತೆ ನೆಟ್ಟರು.

ಗಮನಿಸಿ, ಈ ಎರಡು ಹೊಸ ಜಾತಿಗಳೂ ತಮ್ಮ ಪರಾಗವನ್ನು ಒಪ್ಪಿಕೊಳ್ಳುತ್ತವೆ. ಒಂಟಿಯಾಗಿ ಹುಟ್ಟಿದ ಗಿಡಕ್ಕೆ ತನ್ನದೇ ಪರಾಗವೂ ಬೇಡವಾದರೆ ಅದರ ವಂಶ ಅಲ್ಲಿಗೇ ಮುಗಿಯುವ ಭಯ ಜಾಸ್ತಿ. ಹಾಗಾಗಿ ಕಾಡಿನಲ್ಲಿ ಮಿಶ್ರತಳಿ ಸಿಕ್ಕಾಗ ಅದರ ರೂಪ ನೋಡಿ ಬರೆದುಕೊಂಡರೆ ಸಾಲದು. ಚೀಲ ಕಟ್ಟಿ, ಅದು ಯಾರ ಪರಾಗ ಒಪ್ಪುತ್ತದೆ ಎಂದು ನೋಡಲೇಬೇಕು ಅನ್ನುತ್ತೇನೆ.

ಇನ್ನೊಂದು ಮಾತು. ಗ್ರೌಂಡ್‌ಸೆಲ್‌ಗೆ ಸಾಮಾನ್ಯವಾಗಿ ಅಂಚಿನ ಹಳದಿ ದಳಗಳಿರುವುದಿಲ್ಲ. ಬ್ರಿಟನ್ನಿನ ಕೆಲವು ಗಿಡಗಳಲ್ಲಿ ಮಾತ್ರ ಇವೆ. ಆ ಜೀನುಗಳು ರ‍್ಯಾಗ್‌ವರ್ಟ್‌ನಿಂದ ಬಂದವು, ಎರಡರ ಮಿಶ್ರತಳಿಗಳ ಮೂಲಕ. ದಳ ಬಂದ ಗಿಡಗಳು ದಳವಿಲ್ಲದವುಗಳಿಗಿಂತ ಹೆಚ್ಚಾಗಿ ಬೇರೆ ಗಿಡದ ಪರಾಗದಿಂದ ಬೀಜ ಕಟ್ಟುತ್ತವೆ.

ನಮಸ್ಕಾರ.